ಹೆರಿಗೆಯ ನಂತರದ ಖಿನ್ನತೆ: ಬಾಣಂತಿಯಲ್ಲಿ ಗುರುತಿಸುವ ಬಗೆ

ಹೆರಿಗೆಯಾದ ವರ್ಷದೊಳಗೆ ತಾಯಿಗೆ ಬರುವ, ಎರಡು ವಾರ ಕಳೆದರೂ ಬಿಡದ, ದಿನದ ಬಹುಪಾಲು ಆಕೆಯನ್ನು ಕುಗ್ಗಿಸಿಡುವ ಮನೋರೋಗಕ್ಕೆ ಪ್ರಸವೋತ್ತರ ಖಿನ್ನತೆ ಎಂದು ಹೆಸರು. ಬೇಸರ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಕಾರಣವಿಲ್ಲದ ಅಪರಾಧಿ ಭಾವ ಮತ್ತು ಅತಿಯಾದ ಆತಂಕ ಇದರ ಮುಖ್ಯ ಲಕ್ಷಣಗಳು. ಭಾರತದಲ್ಲಿ ನಡೆದ 38 ಅಧ್ಯಯನಗಳ 20,043 ತಾಯಂದಿರ ಮಾಹಿತಿಯನ್ನು ಒಟ್ಟುಗೂಡಿಸಿ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಸುಮಾರು 22% ತಾಯಂದಿರಲ್ಲಿ ಈ ಖಿನ್ನತೆ ಇದೆ. ಅಂದರೆ ಐವರು ಬಾಣಂತಿಯರಲ್ಲಿ ಒಬ್ಬಳಿಗಿಂತ ಹೆಚ್ಚು. ಚಿಕಿತ್ಸೆಯಿಂದ ವಾಸಿಯಾಗುವ ರೋಗವಿದು. ಆದರೂ ಹೆಚ್ಚಿನವರಲ್ಲಿ ಪತ್ತೆಯಾಗುವುದೇ ಇಲ್ಲ. ಮನೆ ತುಂಬ ಜನರಿದ್ದು, ಹಗಲೂ ರಾತ್ರಿ ಆರೈಕೆ ನಡೆಯುತ್ತಿದ್ದರೂ ಬಾಣಂತಿಯ ಮನಸ್ಸು ಹೇಗಿದೆ ಎಂದು ಆಕೆಯನ್ನೇ ಯಾರೂ ಕೇಳದಿರುವುದು ಇದಕ್ಕೆ ಬಹುದೊಡ್ಡ ಕಾರಣ.

ಇತಿಹಾಸ

ಹೆರಿಗೆಗೂ ಮನೋರೋಗಕ್ಕೂ ಇರುವ ನಂಟನ್ನು ವೈದ್ಯರು ಬಹಳ ಹಿಂದೆಯೇ ಗಮನಿಸಿದ್ದರು. ಫ್ರಾನ್ಸಿನ ವೈದ್ಯ ಲೂಯಿ ವಿಕ್ಟರ್ ಮಾರ್ಸೆ 1858ರಲ್ಲಿ ಗರ್ಭಿಣಿಯರು, ಬಾಣಂತಿಯರು ಮತ್ತು ಹಾಲೂಡಿಸುವ ತಾಯಂದಿರ ಮಾನಸಿಕ ಕಾಯಿಲೆಗಳ ಬಗ್ಗೆಯೇ ಒಂದು ಪೂರ್ಣ ಗ್ರಂಥ ಬರೆದ. ಆದರೆ ಆ ಕಾಲದಲ್ಲಿ ವೈದ್ಯರ ಕಣ್ಣಿಗೆ ಬೀಳುತ್ತಿದ್ದುದು ಆಸ್ಪತ್ರೆಗೆ ಸೇರಿಸಲೇಬೇಕಾದಷ್ಟು ಉಲ್ಬಣಿಸಿದ ಕಾಯಿಲೆ ಮಾತ್ರ. ಮನೆಯಲ್ಲೇ ಇದ್ದು ಮಗುವಿನ ಕೆಲಸವನ್ನೂ ಮಾಡಿಕೊಂಡು ಒಳಗೊಳಗೇ ಕುಸಿಯುವ ತಾಯಂದಿರ ಕಡೆ ಗಮನ ಹರಿದದ್ದು ನೂರು ವರ್ಷಗಳ ನಂತರ. 1968ರಲ್ಲಿ ಲಂಡನ್ನಿನ ಮನೋವೈದ್ಯ ಬ್ರೈಸ್ ಪಿಟ್ ಸಾಮಾನ್ಯ ಹೆರಿಗೆ ಆಸ್ಪತ್ರೆಯ ತಾಯಂದಿರನ್ನು ಅಧ್ಯಯನ ಮಾಡಿ, ಅವರಲ್ಲಿ ಸುಮಾರು 11% ಮಂದಿಗೆ ಖಿನ್ನತೆ ಇದೆಯೆಂದು ತೋರಿಸಿದರು. ಎಡಿನ್‌ಬರೋ ಮತ್ತು ಲಿವಿಂಗ್‌ಸ್ಟನ್‌ನಲ್ಲಿ ಕೆಲಸ ಮಾಡಿದ ಜಾನ್ ಕಾಕ್ಸ್, ಜೆನಿಫರ್ ಹೋಲ್ಡನ್ ಮತ್ತು ರುತ್ ಸಗೋವ್‌ಸ್ಕಿ 1987ರಲ್ಲಿ ರೂಪಿಸಿದ ಹತ್ತು ಪ್ರಶ್ನೆಗಳ ಪಟ್ಟಿ, ಅಂದರೆ ಎಡಿನ್‌ಬರೋ ಮಾಪಕ, ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿದೆ.

ಭಾರತದಲ್ಲಿ 2002ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳು ಮುಖ್ಯವಾದವು. ತಮಿಳುನಾಡಿನ ಹಳ್ಳಿಗಳಲ್ಲಿ ನಡೆದ ಅಧ್ಯಯನದಲ್ಲಿ ಹೆರಿಗೆಯ ನಂತರ ಹೊಸದಾಗಿ ಖಿನ್ನತೆಗೆ ಒಳಗಾದವರು 11% ಮಂದಿ. ವಿಕ್ರಂ ಪಟೇಲ್ ಮತ್ತು ಸಂಗಡಿಗರು ಗೋವಾದಲ್ಲಿ 270 ತಾಯಂದಿರನ್ನು ಗರ್ಭಿಣಿಯಾಗಿದ್ದಾಗಿನಿಂದಲೇ ಗಮನಿಸಿದಾಗ, ಹೆರಿಗೆಯಾಗಿ ಆರರಿಂದ ಎಂಟು ವಾರಗಳ ಹೊತ್ತಿಗೆ 23% ಮಂದಿಯಲ್ಲಿ ಖಿನ್ನತೆ ಕಂಡುಬಂತು. ಖಿನ್ನತೆ ಕಂಡ ಈ ತಾಯಂದಿರಲ್ಲಿ 78% ಮಂದಿ ಗರ್ಭಿಣಿಯಾಗಿದ್ದಾಗಲೇ ಮಾನಸಿಕವಾಗಿ ಬಳಲಿದ್ದರು. ಆರು ತಿಂಗಳಾದರೂ ಅವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಚೇತರಿಸಿಕೊಂಡಿರಲಿಲ್ಲ. ಹೆರಿಗೆಯಾದ ಮೇಲೆ ದಿಢೀರನೆ ಬಂದು ತಾನಾಗಿಯೇ ಹೋಗುವ ಬೇಸರವಿದು ಎಂಬ ನಂಬಿಕೆ ಎರಡು ಕಡೆಯಿಂದಲೂ ಸುಳ್ಳಾಯಿತು.

ಮೂರು ಸ್ಥಿತಿಗಳು

ಹೆರಿಗೆಯ ನಂತರ ಮನಸ್ಸಿನಲ್ಲಾಗುವ ಏರುಪೇರುಗಳು ಮೂರು ಬಗೆ. ಇವನ್ನು ಬೇರೆ ಬೇರೆಯಾಗಿ ಗುರುತಿಸುವುದೇ ಮೊದಲ ಹೆಜ್ಜೆ.

ಮೊದಲನೆಯದು ಹೆರಿಗೆಯ ಮೂರನೆಯ ಅಥವಾ ನಾಲ್ಕನೆಯ ದಿನದ ಹೊತ್ತಿಗೆ ಕಾಣಿಸಿಕೊಳ್ಳುವ ತಾತ್ಕಾಲಿಕ ಅಳು, ಬೇಸರ, ಸಿಡಿಮಿಡಿ. ಅರ್ಧಕ್ಕೂ ಹೆಚ್ಚು ತಾಯಂದಿರು ಇದನ್ನು ಅನುಭವಿಸುತ್ತಾರೆ. ನಗುತ್ತಿದ್ದವಳು ಮರುಕ್ಷಣವೇ ಅಳುತ್ತಾಳೆ, ಯಾಕೆಂದು ಕೇಳಿದರೆ ಆಕೆಗೂ ಗೊತ್ತಿರುವುದಿಲ್ಲ. ಇದು ಕಾಯಿಲೆಯಲ್ಲ. ನಿದ್ರೆ, ಆಸರೆ, ನಾಲ್ಕು ಸಮಾಧಾನದ ಮಾತು ಸಿಕ್ಕರೆ ಎರಡು ವಾರದೊಳಗೆ ತಾನಾಗಿಯೇ ತಿಳಿಯಾಗುತ್ತದೆ.

ಎರಡನೆಯದು ಈ ಲೇಖನದ ವಿಷಯವಾದ ಖಿನ್ನತೆ. ಎರಡು ವಾರ ಕಳೆದರೂ ಬೇಸರ ಇಳಿಯದಿದ್ದರೆ, ಇಳಿದದ್ದು ಮತ್ತೆ ಮರುಕಳಿಸಿದರೆ, ಅಥವಾ ಎರಡು ಮೂರು ತಿಂಗಳ ನಂತರ ಹೊಸದಾಗಿ ಶುರುವಾದರೆ ಇದೇ ಇರಬಹುದೆಂದು ಅನುಮಾನಿಸಬೇಕು.

ಮೂರನೆಯದು ಹಳ್ಳಿಗಳಲ್ಲಿ ಬಾಣಂತಿ ಸನ್ನಿ ಎಂದು ಕರೆಯುವ ತೀವ್ರ ಸ್ಥಿತಿ, ಅಂದರೆ ಪ್ರಸವೋತ್ತರ ಮನೋವಿಕಾರ. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಮಾತ್ರ ಇದು ಕಾಣಿಸುತ್ತದೆ. ಬಹುಮಟ್ಟಿಗೆ ಮೊದಲ ಎರಡು ವಾರದೊಳಗೇ ಶುರುವಾಗಿ ಗಂಟೆಗಂಟೆಗೂ ಬದಲಾಗುತ್ತ ಉಲ್ಬಣಿಸುತ್ತದೆ. ನಿದ್ದೆಯೇ ಇಲ್ಲದಿರುವುದು, ಎಡೆಬಿಡದ ಅಸಂಬದ್ಧ ಮಾತು, ಯಾರಿಗೂ ಕೇಳದ ದನಿ ಆಕೆಗೆ ಕೇಳಿಸುವುದು, ಮಗು ತನ್ನದಲ್ಲ ಅಥವಾ ಮಗುವಿನೊಳಗೆ ಏನೋ ಹೊಕ್ಕಿದೆ ಎಂಬ ಬಲವಾದ ನಂಬಿಕೆ ಇದರ ಲಕ್ಷಣಗಳು. ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯವಿರುವುದರಿಂದ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಗಾಳಿ ಸೋಕಿದೆಯೆಂದು ಯಂತ್ರ ಕಟ್ಟಿಸುತ್ತ ಕಳೆಯುವ ದಿನಗಳು ಇಲ್ಲಿ ತುಂಬ ದುಬಾರಿಯಾಗುತ್ತವೆ.

ಲಕ್ಷಣಗಳು

ಬಾಣಂತಿಗೆ ಸುಸ್ತಿರುತ್ತದೆ, ನಿದ್ದೆಗೆಟ್ಟಿರುತ್ತದೆ, ಊಟದ ಹೊತ್ತು ಹೆಚ್ಚುಕಡಿಮೆಯಾಗಿರುತ್ತದೆ. ಬೇರೆಯವರಲ್ಲಿ ಖಿನ್ನತೆಯ ಸುಳಿವೆನಿಸುವ ಇವೆಲ್ಲ ಈಕೆಯಲ್ಲಿ ಸಹಜ. ರೋಗ ಕಣ್ಣುತಪ್ಪಿಸಿಕೊಳ್ಳುವುದು ಇಲ್ಲೇ. ಹಾಗಾಗಿ ಸುಸ್ತು ಇದೆಯೇ ಎಂದಲ್ಲ, ಎಂಥ ಸುಸ್ತು ಎಂದು ನೋಡಬೇಕಾಗುತ್ತದೆ.

ನಿದ್ದೆಯನ್ನೇ ನೋಡಿ. ಮಗು ಎದ್ದಾಗ ಏಳುವುದು, ಮಲಗಿದಾಗ ಮಲಗುವುದು ಎಲ್ಲ ತಾಯಂದಿರ ಪಾಡು. ಮಗುವಿಗೆ ಹಾಲು ಕುಡಿಸಿ ತೊಟ್ಟಿಲಲ್ಲಿ ಮಲಗಿಸಿಯಾಗಿದೆ, ಪಕ್ಕದಲ್ಲಿ ಅಮ್ಮ ಇದ್ದಾರೆ, ಎರಡು ಗಂಟೆ ಬಿಡುವೂ ಇದೆ. ಆಗಲೂ ಸೂರು ನೋಡುತ್ತ ಬಿದ್ದುಕೊಂಡು ಕಣ್ಣು ಮುಚ್ಚಲಾಗದಿದ್ದರೆ, ಅಥವಾ ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗಿ ಎದೆ ಹೊಡೆದುಕೊಳ್ಳುತ್ತಿದ್ದರೆ ಅದು ಖಿನ್ನತೆಯ ಸುಳಿವು. ಮಗುವಿನ ಬಗೆಗಿನ ಕಾಳಜಿಯೂ ಹಾಗೆಯೇ. ಉಸಿರಾಡುತ್ತಿದೆಯೇ ಎಂದು ಒಮ್ಮೆ ಮುಟ್ಟಿ ನೋಡುವುದು ಸಹಜ. ಐದೈದು ನಿಮಿಷಕ್ಕೂ ನೋಡದೆ ಇರಲಾಗದಿರುವುದು, ವೈದ್ಯರು ತೂಕ ಸರಿಯಿದೆ ಎಂದ ಮೇಲೂ ಹಾಲು ಸಾಲುತ್ತಿಲ್ಲ ಎಂದು ಪ್ರತಿದಿನ ಕಣ್ಣೀರಿಡುವುದು ಸಹಜವಲ್ಲ.

ಮಗುವಿನ ಮೇಲೆ ಏನೂ ಅನ್ನಿಸದಿರುವುದು ಇನ್ನೊಂದು ಲಕ್ಷಣ. ಹೊತ್ತಿಗೆ ಸರಿಯಾಗಿ ಹಾಲು ಕುಡಿಸುತ್ತಾಳೆ, ಬಟ್ಟೆ ಬದಲಿಸುತ್ತಾಳೆ, ಆದರೆ ಎಲ್ಲವೂ ಯಾರದೋ ಮಗುವಿಗೆ ಮಾಡಿದಂತೆ. ತಾಯಿಯಾಗಿ ಹೀಗೆ ಅನ್ನಿಸಬಾರದು ಎಂಬ ಅಳುಕು ಆಕೆಯ ಬಾಯಿ ಕಟ್ಟುತ್ತದೆ. ಮಗುವಿಗೆ ತನ್ನಿಂದ ಏನಾದರೂ ಆಗಿಬಿಟ್ಟೀತು ಎಂಬ ಬೇಡದ ಆಲೋಚನೆಗಳೂ ಕೆಲವರನ್ನು ಕಾಡುತ್ತವೆ. ಆ ಆಲೋಚನೆಗೆ ತಾಯಿ ತಾನೇ ಬೆಚ್ಚಿ ಮಗುವಿನ ಬಳಿ ಹೋಗಲು ಹೆದರುತ್ತಿದ್ದರೆ ಅದು ಗೀಳಿನ ಸ್ವರೂಪದ್ದು, ಆಕೆ ಹಾಗೆ ಮಾಡಿಬಿಡುವ ಸಂಭವ ತೀರ ಕಡಿಮೆ. ಆ ಆಲೋಚನೆ ಸರಿಯೆಂದೇ ಆಕೆ ನಂಬಿದ್ದರೆ ಅದು ಸನ್ನಿಯ ಲಕ್ಷಣ, ತುರ್ತಾಗಿ ಆಸ್ಪತ್ರೆಗೆ ಹೋಗಬೇಕು.

ನಮ್ಮಲ್ಲಿ ಬಹಳಷ್ಟು ತಾಯಂದಿರು ಮನಸ್ಸಿಗೆ ಬೇಸರವೆಂದು ಹೇಳಿಕೊಂಡು ಬರುವುದಿಲ್ಲ. ತಲೆನೋವು, ಕೈಕಾಲು ಸೆಳೆತ, ಮೈಯೆಲ್ಲ ಉರಿ, ಎದೆ ಢವಢವ, ಹೊಟ್ಟೆ ಸಂಕಟ ಎನ್ನುತ್ತಾರೆ. ಆಪರೇಷನ್ ಆದವರು ಬೆನ್ನಿಗೆ ಕೊಟ್ಟ ಇಂಜೆಕ್ಷನ್‌ನಿಂದ ಸೊಂಟನೋವು ಎನ್ನುತ್ತಾರೆ. ಈ ನೋವುಗಳು ನಿಜವಾದವೇ, ತಪಾಸಣೆಯನ್ನೂ ಮಾಡಬೇಕು. ರಕ್ತಹೀನತೆ, ಥೈರಾಯ್ಡ್ ತೊಂದರೆ, ಬಿ12 ಕೊರತೆಗಳು ಖಿನ್ನತೆಯಂತೆಯೇ ಕಾಣಬಹುದು, ಅದರ ಜೊತೆಗೂ ಇರಬಹುದು. ವರದಿಗಳು ಸರಿಯಿದ್ದು ನೋವು ಮಾತ್ರ ಹೋಗದಿದ್ದಾಗ ಮನಸ್ಸಿನ ಬಗ್ಗೆ ಕೇಳಲೇಬೇಕು.

ಕಾರಣಗಳು

ಯಾವುದೋ ಒಂದು ಕಾರಣದಿಂದ ಈ ಖಿನ್ನತೆ ಬರುವುದಿಲ್ಲ. ಗರ್ಭದಲ್ಲಿ ಹಲವು ಪಟ್ಟು ಏರಿದ್ದ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಹಾರ್ಮೋನುಗಳು ಹೆರಿಗೆಯಾದ ಕೆಲವೇ ದಿನಗಳಲ್ಲಿ ಕುಸಿಯುತ್ತವೆ. ಪ್ರೊಜೆಸ್ಟರಾನ್‌ನಿಂದ ಹುಟ್ಟಿ ಮಿದುಳನ್ನು ಶಾಂತವಾಗಿಡುವ ಅಲೋಪ್ರೆಗ್ನನೊಲೋನ್ ಕೂಡ ಜೊತೆಗೇ ಇಳಿಯುತ್ತದೆ. ಈ ಕುಸಿತ ಎಲ್ಲ ತಾಯಂದಿರಲ್ಲೂ ಆಗುತ್ತದೆ. ಕೆಲವರ ಮಿದುಳು ಮಾತ್ರ ಅದಕ್ಕೆ ಹೆಚ್ಚು ಸ್ಪಂದಿಸುತ್ತದೆ. ಹಿಂದೆ ಖಿನ್ನತೆ ಬಂದಿದ್ದವರು, ಗರ್ಭಿಣಿಯಾಗಿದ್ದಾಗ ಆತಂಕದಿಂದ ಬಳಲಿದವರು, ಮನೆತನದಲ್ಲಿ ಮನೋರೋಗ ಇರುವವರು ಹೆಚ್ಚು ಅಪಾಯದಲ್ಲಿರುತ್ತಾರೆ.

ಇದರ ಮೇಲೆ ಬದುಕಿನ ಭಾರ ಸೇರುತ್ತದೆ. ಬಡತನ, ಗಂಡನೊಂದಿಗೆ ಹೊಂದಾಣಿಕೆ ಇಲ್ಲದಿರುವುದು, ಹೊಡೆತ ಬಡಿತ, ಬೇಡದ ಗರ್ಭ, ಹಿಂದೆ ಮಗು ಕಳೆದುಕೊಂಡ ನೋವು, ಅವಧಿಗೆ ಮುಂಚೆ ಹುಟ್ಟಿ ಐಸಿಯುನಲ್ಲಿರುವ ಕೂಸು, ಇವೆಲ್ಲ ಅಪಾಯವನ್ನು ಏರಿಸುತ್ತವೆ. ಹುಟ್ಟಿದ ಮಗು ಗಂಡೋ ಹೆಣ್ಣೋ ಎಂಬುದು ಕೂಡ ಹಸಿವು ಮತ್ತು ಹಿಂಸೆಯ ಪರಿಣಾಮವನ್ನು ಹೆಚ್ಚುಕಡಿಮೆ ಮಾಡುತ್ತದೆಂದು ಗೋವಾದ ಅಧ್ಯಯನ ತೋರಿಸಿತು. ಎರಡನೆಯದೂ ಹೆಣ್ಣಾಯಿತೆಂದು ಅತ್ತೆಮನೆಯವರು ಆಸ್ಪತ್ರೆಗೆ ಬಂದು ನೋಡದೆ ಹೋದಾಗ ಆ ತಾಯಿಗೆ ಆಗುವ ಗಾಯ ವೈದ್ಯಕೀಯವಾಗಿಯೂ ಗಾಯವೇ.

ಬಾಣಂತನದ ಎರಡು ಮುಖ

ಕರ್ನಾಟಕದಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬ ರೂಢಿ ಇನ್ನೂ ಬಲವಾಗಿದೆ. ಎಣ್ಣೆ ಹಚ್ಚಿ ಹಂಡೆ ನೀರು ಹುಯ್ಯುವುದು, ಸಾಂಬ್ರಾಣಿ ಹೊಗೆ, ಕಿವಿಗೆ ಹತ್ತಿ, ಬೆಳ್ಳುಳ್ಳಿ ಮೆಣಸಿನ ಸಾರು, ಮೂರು ಅಥವಾ ಐದು ತಿಂಗಳ ವಿಶ್ರಾಂತಿ, ಇವೆಲ್ಲ ತಾಯಿಗೆ ಕೆಲಸದಿಂದ ಬಿಡುವನ್ನೂ ತನ್ನವರ ಆಸರೆಯನ್ನೂ ಕೊಡುತ್ತವೆ. ಇದು ದೊಡ್ಡ ಬಲ. ಆದರೆ ಆಸರೆ ಇದ್ದ ಮಾತ್ರಕ್ಕೆ ಖಿನ್ನತೆ ಬಾರದೆಂದು ಹೇಳಲಾಗದು. ಕತ್ತಲೆ ಕೋಣೆಯಲ್ಲಿ ಒಬ್ಬಳೇ ಮಲಗಿರುವುದು, ಬಂದವರೆಲ್ಲ ಮಗುವಿನ ಬಣ್ಣ, ತೂಕ, ತಾಯಿಯ ಹಾಲಿನ ಬಗ್ಗೆ ಮಾತ್ರ ಕೇಳಿ ಹೋಗುವುದು, ಬಾಣಂತಿ ಅಳಬಾರದು ಎಂಬ ಬುದ್ಧಿಮಾತು, ಇವು ಆಕೆಯ ಸಂಕಟವನ್ನು ಒಳಗೇ ಉಳಿಸುತ್ತವೆ. ತವರಿನಿಂದ ಗಂಡನ ಮನೆಗೆ ಮರಳುವ ಹೊತ್ತು ಇನ್ನೂ ಸೂಕ್ಷ್ಮವಾದದ್ದು. ಆರೈಕೆ ಒಮ್ಮೆಲೇ ನಿಂತು ಮನೆಗೆಲಸ ಹೆಗಲಿಗೇರುವ ಈ ತಿಂಗಳುಗಳಲ್ಲಿ ಆಸ್ಪತ್ರೆಯ ತಪಾಸಣೆಗಳು ಮುಗಿದಿರುತ್ತವೆ, ನೋಡಿಕೊಳ್ಳುತ್ತಿದ್ದ ಆಶಾ ಕಾರ್ಯಕರ್ತೆಯೂ ಬದಲಾಗಿರುತ್ತಾಳೆ. ಬೆಂಗಳೂರಿನ ಬಾಡಿಗೆ ಮನೆಯಲ್ಲೋ ಹೊರದೇಶದಲ್ಲೋ ಗಂಡಹೆಂಡತಿ ಇಬ್ಬರೇ ಮಗು ಸಾಕುತ್ತಿರುವ ಕಡೆ ಕಷ್ಟ ಬೇರೆ ಬಗೆಯದು. ಬಂದು ಮೂರು ತಿಂಗಳಿದ್ದ ಅಮ್ಮ ಊರಿಗೆ ಮರಳಿದ ವಾರವೇ ತಾಯಿ ಕುಸಿಯಬಹುದು.

ಗುರುತಿಸುವ ಸಾಧನಗಳು

ಎಡಿನ್‌ಬರೋ ಮಾಪಕದಲ್ಲಿ ಹತ್ತು ಪ್ರಶ್ನೆಗಳಿವೆ. ಕಳೆದ ಏಳು ದಿನಗಳಲ್ಲಿ ನಗಲು ಆಯಿತೇ, ಮುಂದಿನದನ್ನು ಖುಷಿಯಿಂದ ಎದುರುನೋಡಿದಿರಾ, ಕಾರಣವಿಲ್ಲದೆ ನಿಮ್ಮನ್ನೇ ದೂರಿಕೊಂಡಿರಾ, ಸುಮ್ಮಸುಮ್ಮನೆ ಭಯವಾಯಿತೇ, ಅಳು ಬಂತೇ ಎಂಬ ಧಾಟಿಯವು. ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರು ಅಂಕ, ಒಟ್ಟು 30. ಬಾಣಂತಿಗೆ ಸಹಜವಾದ ಸುಸ್ತು ಮತ್ತು ಹಸಿವಿನ ಪ್ರಶ್ನೆಗಳನ್ನು ಬೇಕೆಂದೇ ಬಿಟ್ಟಿರುವುದು ಈ ಮಾಪಕದ ಜಾಣತನ. ನಿದ್ದೆಯ ಬಗ್ಗೆ ಕೇಳುವಾಗಲೂ ದುಃಖದಿಂದ ನಿದ್ದೆ ಕೆಟ್ಟಿದೆಯೇ ಎಂದೇ ಕೇಳುತ್ತದೆ. 10 ಅಥವಾ ಹೆಚ್ಚಿದ್ದರೆ ಖಿನ್ನತೆ ಇರುವ ಸಾಧ್ಯತೆ ಇದೆಯೆಂದೂ 13 ಅಥವಾ ಹೆಚ್ಚಿದ್ದರೆ ಆ ಸಾಧ್ಯತೆ ಬಲವಾಗಿದೆಯೆಂದೂ ಸಾಮಾನ್ಯವಾಗಿ ಲೆಕ್ಕ. ಭಾಷೆ, ಪ್ರದೇಶಕ್ಕೆ ತಕ್ಕಂತೆ ಈ ಗೆರೆ ಸ್ವಲ್ಪ ಹಿಂದೆಮುಂದೆ ಆಗುತ್ತದೆ. ಹತ್ತನೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಆಲೋಚನೆಯ ಕುರಿತದ್ದು. ಉಳಿದ ಅಂಕ ಎಷ್ಟೇ ಇರಲಿ, ಇದಕ್ಕೆ ಹೌದೆಂಬ ಉತ್ತರ ಬಂದರೆ ಅಂದೇ ವಿಚಾರಿಸಬೇಕು. ಮಾಪಕದ ಕನ್ನಡ ರೂಪವೂ ಬಳಕೆಯಲ್ಲಿದೆ. ಆದರೆ ಅಂಕ ಅನುಮಾನವನ್ನು ಮಾತ್ರ ಹುಟ್ಟಿಸುತ್ತದೆ, ರೋಗವೆಂದು ನಿರ್ಧರಿಸುವುದು ವೈದ್ಯರ ಕೆಲಸ.

ಪಟ್ಟಿ ಕೈಯಲ್ಲಿಲ್ಲದವರು ಎರಡೇ ಪ್ರಶ್ನೆಗಳಿಂದ ಶುರುಮಾಡಬಹುದು: ಇತ್ತೀಚೆಗೆ ಹೆಚ್ಚಿನ ಹೊತ್ತು ಮನಸ್ಸಿಗೆ ಬೇಸರ, ಹತಾಶೆ ಅನ್ನಿಸಿದೆಯೇ? ಮೊದಲು ಖುಷಿ ಕೊಡುತ್ತಿದ್ದದ್ದು ಈಗ ಬೇಡವಾಗಿದೆಯೇ? ಎರಡರಲ್ಲಿ ಒಂದಕ್ಕೆ ಹೌದೆಂದರೂ ಮುಂದಕ್ಕೆ ಕೇಳಬೇಕು.

ಕೇಳುವ ಬಗೆಯ ಮೇಲೆ ಉತ್ತರ ನಿಂತಿದೆ. ಅತ್ತೆಯೋ ಗಂಡನೋ ಎದುರಿಗಿದ್ದರೆ ಬಾಣಂತಿ ಚೆನ್ನಾಗಿದ್ದೇನೆ ಎಂದೇ ಹೇಳುತ್ತಾಳೆ. ಮಗುವಿಗೆ ಚುಚ್ಚುಮದ್ದು ಹಾಕಿಸಲು ಬಂದಾಗ, ಮಗುವನ್ನು ಜೊತೆಗೆ ಬಂದವರ ಕೈಗೆ ಕೊಟ್ಟು ಐದು ನಿಮಿಷ ಆಕೆಯೊಬ್ಬಳನ್ನೇ ಕೂರಿಸಿಕೊಳ್ಳಬೇಕು. ಏನಮ್ಮಾ, ಮಗು ಹುಟ್ಟಿದ ಮೇಲೆ ಎಷ್ಟೋ ಜನಕ್ಕೆ ಮನಸ್ಸಿಗೆ ಕಷ್ಟವಾಗುತ್ತದೆ, ನಿನಗೆ ಹೇಗಿದೆ ಎಂದು ಕೇಳಿದರೆ ಬಾಯಿ ಬಿಡುವ ಧೈರ್ಯ ಬರುತ್ತದೆ. ಸಾಯಬೇಕು ಅನ್ನಿಸಿದೆಯೇ ಎಂದು ನೇರವಾಗಿ ಕೇಳುವುದರಿಂದ ಇಲ್ಲದ ಆಲೋಚನೆ ತಲೆಗೆ ಬರುವುದಿಲ್ಲ. ಇದ್ದದ್ದನ್ನು ಹೇಳಿಕೊಳ್ಳಲು ದಾರಿಯಾಗುತ್ತದೆ.

ಆರೋಗ್ಯ ವ್ಯವಸ್ಥೆಯಲ್ಲಿ ಹೀಗೆ ಕೇಳುವ ಅವಕಾಶಗಳಿಗೆ ಕೊರತೆಯಿಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿಯ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಭೇಟಿ ನೀಡಬೇಕು. ಆಕೆಯ ಕೈಯಲ್ಲಿರುವ ನಮೂನೆಯಲ್ಲಿ ತಾಯಿಯ ಜ್ವರ, ದುರ್ವಾಸನೆಯ ಸ್ರಾವ, ಮೊಲೆತೊಟ್ಟಿನ ಬಿರುಕಿನ ಜೊತೆಗೆ ತಾಯಿ ಅಸಹಜವಾಗಿ ಮಾತಾಡುತ್ತಿದ್ದಾಳೆಯೇ, ಫಿಟ್ಸ್ ಬಂದಿದೆಯೇ ಎಂಬ ಕಲಮೂ ಇದೆ. ಸನ್ನಿ ಹಿಡಿದ ತಾಯಿ ಈ ಕಲಮಿನಲ್ಲಿ ಸಿಕ್ಕಿಬೀಳುತ್ತಾಳೆ. ಮಾತೇ ಕಡಿಮೆಯಾಗಿ ಗೋಡೆ ಕಡೆ ಮುಖ ಮಾಡಿ ಮಲಗಿರುವ ತಾಯಿ ಸಿಗುವುದಿಲ್ಲ. 6, 10 ಮತ್ತು 14ನೆಯ ವಾರದ ಲಸಿಕೆಗಳಿಗೆ ತಾಯಿ ತಾನಾಗಿಯೇ ಆರೋಗ್ಯ ಕೇಂದ್ರಕ್ಕೆ ಬರುತ್ತಾಳೆ. ಈ ಒಂಬತ್ತು ಭೇಟಿಗಳಲ್ಲಿ ಮೇಲಿನ ಎರಡು ಪ್ರಶ್ನೆಗಳನ್ನು ಸೇರಿಸಲು ಹೊಸ ಕಟ್ಟಡವಾಗಲಿ ಹೊಸ ಯಂತ್ರವಾಗಲಿ ಬೇಡ.

ಪರಿಣಾಮಗಳು

ಖಿನ್ನತೆಯನ್ನು ಹಾಗೆಯೇ ಬಿಟ್ಟರೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಉಳಿಯುತ್ತದೆ. ಬ್ರಿಟನ್ನಿನಲ್ಲಿ ತಾಯಂದಿರ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸುವ ವರದಿಗಳು ಹೆರಿಗೆಯ ಆರು ವಾರದಿಂದ ಒಂದು ವರ್ಷದೊಳಗಿನ ಸಾವಿಗೆ ಆತ್ಮಹತ್ಯೆಯೇ ಪ್ರಮುಖ ಕಾರಣಗಳಲ್ಲೊಂದೆಂದು ಹಲವು ವರ್ಷಗಳಿಂದ ಹೇಳುತ್ತಿವೆ. ಹೆರಿಗೆಯ 42 ದಿನಗಳ ಒಳಗಿನ ಸಾವುಗಳನ್ನಷ್ಟೇ ಎಣಿಸುವ ರೂಢಿಯಲ್ಲಿ ಈ ಸಾವುಗಳು ಲೆಕ್ಕಕ್ಕೇ ಬರುವುದಿಲ್ಲ. ಮಗುವಿನ ಮೇಲೂ ಪರಿಣಾಮವಿದೆ. ಗೋವಾದ ತಂಡ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರನೆಯ ವಾರದಲ್ಲಿ ಖಿನ್ನತೆ ಇದ್ದ ತಾಯಂದಿರ ಮಕ್ಕಳು ಆರು ತಿಂಗಳ ಹೊತ್ತಿಗೆ ತೂಕ ಮತ್ತು ಉದ್ದದಲ್ಲಿ ಹಿಂದೆ ಬಿದ್ದಿದ್ದರು. ಮಗುವಿನ ತೂಕ ಏರದಿದ್ದಾಗ ತಾಯಿಯನ್ನು ಗದರುವ ಮುನ್ನ ಆಕೆಯ ಮನಸ್ಸನ್ನು ವಿಚಾರಿಸುವುದು ಆದ್ದರಿಂದಲೇ ಅಗತ್ಯ. ಮಗು ಹುಟ್ಟಿದ ಮೇಲೆ ತಂದೆಯಂದಿರಲ್ಲೂ ಸುಮಾರು 10% ಮಂದಿ ಖಿನ್ನತೆಗೆ ಒಳಗಾಗುತ್ತಾರೆ. ತಾಯಿಗೆ ಖಿನ್ನತೆ ಇರುವ ಮನೆಯಲ್ಲಿ ಈ ಸಂಭವ ಹೆಚ್ಚು.

ಚಿಕಿತ್ಸೆ

ಸೌಮ್ಯ ಮತ್ತು ಮಧ್ಯಮ ಖಿನ್ನತೆಗೆ ಆಪ್ತಸಮಾಲೋಚನೆಯೇ ಮೊದಲ ಚಿಕಿತ್ಸೆ. ಇದಕ್ಕೆ ಮನೋವೈದ್ಯರೇ ಆಗಬೇಕೆಂದಿಲ್ಲ. ಪಾಕಿಸ್ತಾನದ ರಾವಲ್ಪಿಂಡಿ ಸುತ್ತಲಿನ ಹಳ್ಳಿಗಳಲ್ಲಿ ಆತಿಫ್ ರೆಹಮಾನ್ ಮತ್ತು ಸಂಗಡಿಗರು ನಮ್ಮ ಆಶಾ ಕಾರ್ಯಕರ್ತೆಯರಂಥ ಆರೋಗ್ಯ ಕಾರ್ಯಕರ್ತೆಯರಿಗೆ ತರಬೇತಿ ಕೊಟ್ಟು ಮನೆಮನೆಗೆ ಕಳಿಸಿದರು. 2008ರಲ್ಲಿ ಪ್ರಕಟವಾದ ಫಲಿತಾಂಶದಂತೆ ಆರು ತಿಂಗಳ ನಂತರ ಈ ನೆರವು ಪಡೆದವರಲ್ಲಿ 23% ಮಂದಿಯಲ್ಲಿ ಮಾತ್ರ ಖಿನ್ನತೆ ಉಳಿದಿತ್ತು. ಸಾಮಾನ್ಯ ಭೇಟಿಗಳನ್ನಷ್ಟೇ ಪಡೆದವರಲ್ಲಿ 53% ಮಂದಿ ಬಳಲುತ್ತಲೇ ಇದ್ದರು. ವಿಶ್ವ ಆರೋಗ್ಯ ಸಂಸ್ಥೆ ಈ ವಿಧಾನವನ್ನು ಕೈಪಿಡಿಯಾಗಿ ಪ್ರಕಟಿಸಿದೆ.

ಖಿನ್ನತೆ ತೀವ್ರವಾಗಿದ್ದರೆ ಔಷಧ ಬೇಕಾಗುತ್ತದೆ. ಮಾತ್ರೆ ತೆಗೆದುಕೊಂಡರೆ ಹಾಲು ಬಿಡಿಸಬೇಕೆಂಬ ಹೆದರಿಕೆಯಿಂದ ಎಷ್ಟೋ ಮಂದಿ ಚಿಕಿತ್ಸೆಯನ್ನೇ ಬಿಡುತ್ತಾರೆ. ಸರ್ಟ್ರಲೀನ್‌ನಂಥ ಔಷಧ ಎದೆಹಾಲಿಗೆ ಸೇರುವುದು ತೀರ ಅಲ್ಪ ಪ್ರಮಾಣದಲ್ಲಿ. ಹಾಲೂಡಿಸುತ್ತಲೇ ಇದನ್ನು ತೆಗೆದುಕೊಳ್ಳಬಹುದೆಂದು ವೈದ್ಯರು ಸಾಮಾನ್ಯವಾಗಿ ಹೇಳುತ್ತಾರೆ. ಗುಣ ಕಾಣಲು ಕೆಲವು ವಾರ ಹಿಡಿಯುತ್ತದೆ. ಗುಣವಾಯಿತೆಂದು ಕೂಡಲೇ ನಿಲ್ಲಿಸಬಾರದು, ವೈದ್ಯರು ಹೇಳಿದಷ್ಟು ತಿಂಗಳು ಮುಂದುವರಿಸಬೇಕು. ಹಿಂದೆ ಯಾವಾಗಲಾದರೂ ನಿದ್ದೆಯಿಲ್ಲದೆಯೂ ಅತಿ ಉತ್ಸಾಹ, ಅತಿ ಮಾತು ಇದ್ದ ದಿನಗಳಿದ್ದರೆ ಮೊದಲೇ ತಿಳಿಸಬೇಕು, ಆಗ ಚಿಕಿತ್ಸೆಯ ದಾರಿಯೇ ಬೇರೆ. ಅಲೋಪ್ರೆಗ್ನನೊಲೋನ್ ಮಾದರಿಯಲ್ಲಿ ಕೆಲಸ ಮಾಡುವ ಜುರಾನೊಲೋನ್ ಎಂಬ 14 ದಿನಗಳ ಮಾತ್ರೆಗೆ ಅಮೆರಿಕದಲ್ಲಿ 2023ರಲ್ಲಿ ಅನುಮತಿ ಸಿಕ್ಕಿದೆ.

ಆಸ್ಪತ್ರೆಗೆ ಸೇರಿಸಬೇಕಾದಾಗ ತಾಯಿ ಮಗುವನ್ನು ಅಗಲಿಸದಿರುವುದು ಮುಖ್ಯ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ ಮಗು ಘಟಕ ನಡೆಯುತ್ತಿದೆ. ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ತಾಯಿಗೆ ಚಿಕಿತ್ಸೆ ಕೊಡುತ್ತ ಮಗುವಿನೊಂದಿಗಿನ ಒಡನಾಟವನ್ನೂ ಅಲ್ಲಿ ಗಟ್ಟಿಗೊಳಿಸಲಾಗುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಬೇರ್ಪಡಿಸಬಾರದೆಂದು ಹೇಳುತ್ತದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ ಶಿಕ್ಷೆಯ ಬದಲು ಆರೈಕೆ ನೀಡಬೇಕೆಂಬುದೂ ಇದೇ ಕಾಯ್ದೆಯಲ್ಲಿದೆ.

ನೆರವು ಮತ್ತು ಮುನ್ನೆಚ್ಚರಿಕೆ

ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುತ್ತಾರೆ. ಕರ್ನಾಟಕದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ನಿಗದಿತ ಮಂಗಳವಾರಗಳಂದು ಮಾನಸಿಕ ಆರೋಗ್ಯ ತಪಾಸಣೆ ನಡೆಯುತ್ತದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ತಾಯಿಗೆ ಆಗದಿದ್ದರೆ ಗಂಡ, ಅಮ್ಮ, ಅಕ್ಕ ಯಾರು ಬೇಕಾದರೂ ಕರೆ ಮಾಡಬಹುದು.

ಒಮ್ಮೆ ಈ ಖಿನ್ನತೆ ಬಂದವರಿಗೆ ಮುಂದಿನ ಹೆರಿಗೆಯಲ್ಲೂ ಬರುವ ಸಂಭವ ಹೆಚ್ಚು. ಸನ್ನಿ ಬಂದಿದ್ದವರಲ್ಲಂತೂ ಮರುಕಳಿಸುವ ಅಪಾಯ ತುಂಬ ದೊಡ್ಡದು. ಆದ್ದರಿಂದ ಮತ್ತೆ ಗರ್ಭಿಣಿಯಾದಾಗ ಮೊದಲ ತಪಾಸಣೆಯಲ್ಲೇ ಇದನ್ನು ತಿಳಿಸಿ, ಹಿಂದಿನ ಚೀಟಿಗಳನ್ನು ತಾಯಿ ಕಾರ್ಡಿನ ಜೊತೆ ಇಟ್ಟುಕೊಳ್ಳಬೇಕು. ಹೆರಿಗೆಗೆ ಮುಂಚೆಯೇ ಮನೋವೈದ್ಯರನ್ನು ಕಂಡು, ರಾತ್ರಿ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ, ತಾಯಿಗೆ ಸತತವಾಗಿ ನಾಲ್ಕೈದು ಗಂಟೆ ನಿದ್ದೆ ಹೇಗೆ ಸಿಗುತ್ತದೆ, ಲಕ್ಷಣ ಕಂಡರೆ ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಮನೆಯವರೆಲ್ಲ ಕೂತು ಗೊತ್ತುಮಾಡಿಕೊಳ್ಳಬೇಕು. ಹೀಗೆ ಸಿದ್ಧವಾಗಿರುವ ಮನೆಯಲ್ಲಿ ರೋಗ ಮರುಕಳಿಸಿದರೂ ಮೊದಲ ವಾರದಲ್ಲೇ ಗೊತ್ತಾಗುತ್ತದೆ, ಚಿಕಿತ್ಸೆಯೂ ಅಷ್ಟೇ ಬೇಗ ಶುರುವಾಗುತ್ತದೆ.